ಜನರೇ ಇಲ್ಲದ ರಣಭೂಮಿಯ ಚಿತ್ರಗಳು

ನಾಲತವಾಡದಿಂದ ನಾರಾಯಣಪುರದ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ಎರೆ ಹೊಲ. ಜನವರಿಯಲ್ಲಿ ಬಿಳಿಜೋಳ ತೆನೆ ಹಿರಿದು ಹಾಲುಗಾಳು ಕಟ್ಟಿರುತ್ತದೆ. ಹೊಲದ ಬದುವಿನಲ್ಲಿ ಸೀತನಿ ಸುಟ್ಟು ತಿನ್ನುವ ದಿನಗಳವು. 1565ರ ಜನವರಿ 23ರಂದು, ಇಂಥದೇ ಜೋಳದ ಕಾಲದಲ್ಲಿ, ನಮ್ಮ ಸೀಮೆಯ ಕೃಷ್ಣೆಯ ದಂಡೆಯಲ್ಲಿ ವಿಜಯನಗರದ ಹಣೆಬರಹ ಒಂದೇ ದಿನದಲ್ಲಿ ತೀರ್ಮಾನವಾಯಿತು. ಪಠ್ಯಪುಸ್ತಕ ಅದನ್ನು ತಾಳಿಕೋಟೆ ಕದನ ಎನ್ನುತ್ತದೆ. ಡೋಣಿ ದಂಡೆಯ ತಾಳಿಕೋಟೆಯಲ್ಲಿ ಸುಲ್ತಾನರ ದಂಡು ಬೀಡುಬಿಟ್ಟಿತ್ತು, ಹೆಸರು ಅದಕ್ಕೇ ಅಂಟಿಕೊಂಡಿತು. ನಮ್ಮ ಕಡೆಯವರ ಬಾಯಲ್ಲಿ ಮಾತ್ರ ಅದು ರಕ್ಕಸಗಿ-ತಂಗಡಗಿ.

ತಂಗಡಗಿಗೆ ಹೋದವರು ನೀಲಮ್ಮನ ಗುಡಿಗೆ ಕೈಮುಗಿದು ಬರುತ್ತಾರೆ. ಕದನದ ಗುರುತು ಹುಡುಕಿಕೊಂಡು ಹೋದವನಿಗೆ ಸಿಗುವುದು ನೀರು. 1982ರಲ್ಲಿ ನಾರಾಯಣಪುರದ ಬಸವಸಾಗರ ತುಂಬಿದ ಮೇಲೆ ಹೊಳೆಯ ಹಳೆಯ ಅಂಚೇ ಬದಲಾಗಿದೆ. ಕ್ಯಾಮೆರಾ ಹಿಡಿದು ನಿಂತಿದ್ದ ನನ್ನನ್ನು ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ಕೇಳಿದರು: "ಯಪ್ಪಾ, ಇಲ್ಲಿ ಫೋಟೋ ತಗಿಯಾಕ ಏನೈತಿ?"

ಹಳೆಯ ರಣಭೂಮಿಯ ಚಿತ್ರ ಕೂಡಿಸುವ ಗೀಳು ಹತ್ತಿದವರೆಲ್ಲ ಈ ಪ್ರಶ್ನೆಯ ಎದುರೇ ಕೂತಿರುತ್ತಾರೆ. ಯುರೋಪಿನಲ್ಲಿ ಇದು ದೊಡ್ಡ ಹವ್ಯಾಸ. ಎರಡನೇ ಮಹಾಯುದ್ಧದ ಹೊತ್ತಿಗೆ ಫ್ರಾನ್ಸನ್ನು ಹಿಡಿದ ಜರ್ಮನ್ ಸಿಪಾಯಿಗಳು ಮೊದಲ ಮಹಾಯುದ್ಧದ ಕಾಳಗದ ಬಯಲು, ಗೋರಿಗಳನ್ನು ನೋಡಿ ಫೋಟೋ ತೆಗೆಸಿಕೊಂಡರು. ಅಂಥವನ್ನು ಹುಡುಕಿ ಜೋಡಿಸುವವರು ಇಂದಿಗೂ ಇದ್ದಾರೆ. ನಮ್ಮಲ್ಲಿ ಹಾಗೆ ಕೂಡಿಸಲು ಏನಿದೆ ಎಂದು ಕೇಳಿದರೆ, ಇದೆ. ಆದರೆ ಅದು ಕಂಪನಿ ಸರ್ಕಾರದ ದಂಡಿನ ಅಧಿಕಾರಿಗಳ ಪೆಟ್ಟಿಗೆಯಿಂದ ಬಂದದ್ದು. ಅದನ್ನು ನೋಡುವ ಬಗೆಯನ್ನೂ ಬೇರೆಯಾಗಿಯೇ ಕಲಿಯಬೇಕು.

ನಮ್ಮ ಕಾಳಗದ ಮೊದಲ ಚಿತ್ರ ಫೋಟೋ ಅಲ್ಲ. ಅಹಮದನಗರದ ಹುಸೇನ್ ನಿಜಾಮ್ ಶಾಹನನ್ನು ಹೊಗಳಿ ಅಫ್ತಾಬಿ ಎಂಬ ಕವಿ ಬರೆದ ಪಾರಸಿ ಕಾವ್ಯದ ಹಸ್ತಪ್ರತಿ ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿದೆ. ಕದನ ಮುಗಿದ ಕೆಲವೇ ವರ್ಷಗಳಲ್ಲಿ ಬರೆಸಿದ ಅದರ ಚಿತ್ರಗಳಲ್ಲಿ ವಿಜಯನಗರದ ರಾಮರಾಯನ ತಲೆ ಕಡಿಯುವ ದೃಶ್ಯವೂ ಉಂಟು. ಚಿತ್ರ ಬರೆಸಿದವರು ಗೆದ್ದವರು. ಮುಂದೆ ಕ್ಯಾಮೆರಾ ಬಂದಾಗಲೂ ಈ ಲೆಕ್ಕ ಬದಲಾಗಲಿಲ್ಲ.

1848ರಲ್ಲಿ ಸಾತಾರಾ ಸಂಸ್ಥಾನ ಕಂಪನಿಯ ವಶವಾದಾಗ ಅದರೊಂದಿಗೆ ವಿಜಯಪುರವೂ ಹೋಯಿತು. 1854ರಲ್ಲಿ ಮಲಿಕ್-ಎ-ಮೈದಾನ್ ತೋಪನ್ನು ಹರಾಜಿಗಿಟ್ಟರು. 1549ರಲ್ಲಿ ಅಹಮದನಗರದಲ್ಲಿ ಮಹಮ್ಮದ್ ಬಿನ್ ಹುಸೇನ್ ರೂಮಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ತೋಪು. ರಕ್ಕಸಗಿ-ತಂಗಡಗಿಯಲ್ಲಿ ಇದರ ಬಾಯಿಗೆ ತಾಮ್ರದ ದುಡ್ಡು ತುಂಬಿ ಹಾರಿಸಿದರೆಂಬ ಮಾತು ಜನರಲ್ಲಿದೆ. ಹರಾಜಿನಲ್ಲಿ ಬಂದ ಬೆಲೆ 150 ರೂಪಾಯಿ! ಕಡೆಗೆ ಹರಾಜು ರದ್ದಾಯಿತು, ತೋಪು ಉಳಿಯಿತು. ಮರುವರ್ಷ, 1855ರಲ್ಲಿ, ಅದೇ ಸರ್ಕಾರ ತೋಪುಪಡೆಯ ಅಧಿಕಾರಿ ಥಾಮಸ್ ಬಿಗ್ಸ್‌ನನ್ನು ವಿಜಯಪುರ, ಬಾದಾಮಿ, ಐಹೊಳೆಗಳ ಫೋಟೋ ತೆಗೆಯಲು ಕಳಿಸಿತು. ತನ್ನ ಕೈಗೆ ಬಂದದ್ದನ್ನು ಲೆಕ್ಕಕ್ಕೆ ಬರೆದಿಟ್ಟುಕೊಳ್ಳುವ ಕೆಲಸವೂ ಅದರಲ್ಲಿ ಸೇರಿತ್ತು. ವರ್ಷ ಮುಗಿಯುವುದರೊಳಗೆ ಬಿಗ್ಸ್‌ನನ್ನು ದಂಡಿನ ಕೆಲಸಕ್ಕೆ ವಾಪಸು ಕರೆದರು, ಅವನ ಜಾಗಕ್ಕೆ ಪಿಗೌ ಎಂಬ ಡಾಕ್ಟರು ಬಂದ. ವಿಜಯಪುರದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ದೊಡ್ಡ ಗ್ರಂಥವಾಗಿ ಬಂದವು. ಅದಕ್ಕೆ ಇತಿಹಾಸ ಬರೆದುಕೊಟ್ಟವನು ಮೆಡೋಸ್ ಟೇಲರ್. ನೆರೆಯ ಸುರಪುರದಲ್ಲಿ ಎಳೆಯ ದೊರೆ ವೆಂಕಟಪ್ಪ ನಾಯಕನನ್ನು ಮುಂದೆ ನಿಂತು ಬೆಳೆಸಿದ ಅದೇ ಟೇಲರ್. ಆ ಹುಡುಗ ದೊಡ್ಡವನಾಗಿ 1858ರ ಫೆಬ್ರವರಿಯಲ್ಲಿ ಕಂಪನಿಯ ಮೇಲೆ ತಿರುಗಿಬಿದ್ದು, ಸೆರೆಸಿಕ್ಕು, ಮೇ ತಿಂಗಳಲ್ಲಿ ಗುಂಡಿಗೆ ಸತ್ತ. ವಿಜಯಪುರದ ಗ್ರಂಥ ಬಂದದ್ದು ಅದಾದ ಎಂಟು ವರ್ಷಕ್ಕೆ.

ಈ ಚಿತ್ರಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಜನರಿಲ್ಲದ ಬಯಲು. ಕೋಟೆ, ಗುಮ್ಮಟ, ಬುರುಜು, ಮೇಲೆ ಬಿಳಿಚಿಕೊಂಡ ಆಕಾಶ. ಊರೆಲ್ಲ ಹಾಳು ಸುರಿಯುತ್ತಿದೆ ಅನ್ನಿಸುತ್ತದೆ. ನಾನೂ ಬಹಳ ವರ್ಷ ಹಾಗೇ ನಂಬಿದ್ದೆ. ಅದಕ್ಕೆ ಕಾರಣ ಫೋಟೋ ತೆಗೆಯುವ ಬಗೆಯಲ್ಲಿದೆ. ಆಗ ನಮ್ಮ ಬಿಸಿಲಿಗೆ ಒಗ್ಗಿದ್ದು ಮೇಣಗಾಗದದ ನೆಗೆಟಿವ್. 1851ರಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಪ್ರಕಟಿಸಿದ ವಿಧಾನ ಅದು. ತೆಳ್ಳನೆ ಕಾಗದಕ್ಕೆ ಮೊದಲು ಜೇನುಮೇಣ ಕುಡಿಸಿ, ಬಿಸಿ ಇಸ್ತ್ರಿಯಿಂದ ಹೆಚ್ಚಾದ ಮೇಣ ಹೀರಿಸಿ, ಅಯೋಡೈಡ್ ದ್ರಾವಣದಲ್ಲಿ ನೆನೆಸಿ ಒಣಗಿಸುತ್ತಿದ್ದರು. ಆಮೇಲೆ ಕತ್ತಲಲ್ಲಿ ಬೆಳ್ಳಿಯ ನೈಟ್ರೇಟಿನಲ್ಲಿ ಅದ್ದಿ ತೆಗೆಯುವುದು. ಹೀಗೆ ತಯಾರಾದ ಹಾಳೆ ಕೆಲವು ದಿನ ಕೆಡುವುದಿಲ್ಲ, ಬಂಡಿಯಲ್ಲಿ ಹೇರಿಕೊಂಡು ಊರೂರು ತಿರುಗಬಹುದು. ಆದರೆ ಬೆಳಕು ಹಿಡಿಯುವುದು ನಿಧಾನ. ಮಸೂರದ ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕು. ಅಷ್ಟು ಹೊತ್ತಿನಲ್ಲಿ ನೀರಿಗೆ ಹೋಗುವ ಹೆಣ್ಣುಮಗಳು, ಎಮ್ಮೆ ಹೊಡೆದುಕೊಂಡು ಬರುವ ಹುಡುಗ, ಬಂಡಿ, ನಾಯಿ ಎಲ್ಲ ಎದುರಿನಿಂದ ಹಾದು ಹೋದರೂ ಹಾಳೆಯ ಮೇಲೆ ನಿಲ್ಲುವುದಿಲ್ಲ. ಅಲುಗಾಡದೆ ನಿಂತವನಷ್ಟೇ ಉಳಿಯುತ್ತಾನೆ. ಹಾಗಾಗಿ ಇಂಥ ಚಿತ್ರ ಕೈಗೆ ಬಂದರೆ ನೆಲದ ಹತ್ತಿರ ಕಣ್ಣಿಟ್ಟು ನೋಡಬೇಕು. ಹೊಗೆಯಂತೆ ಕದಡಿದ ಕಲೆ ಕಂಡರೆ ಅಲ್ಲಿ ಯಾರೋ ನಡೆದಿದ್ದಾರೆ.

ರಕ್ಕಸಗಿ-ತಂಗಡಗಿಯ ಪರಿಣಾಮ ನೋಡಬೇಕಾದರೆ ಹಂಪಿಯ ಚಿತ್ರಗಳಿಗೇ ಹೋಗಬೇಕು. ಮದ್ರಾಸ್ ದಂಡಿನ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಅಲ್ಲಿ 60ರಷ್ಟು ಮೇಣಗಾಗದದ ನೆಗೆಟಿವ್ ತೆಗೆದ. ಒಂದೊಂದೂ ಒಂದೂವರೆ ಅಡಿ ಆಸುಪಾಸಿನದು. ಬಹುಕಾಲ ಕಣ್ಮರೆಯಾಗಿದ್ದ ಅವು ಬೆಳಕಿಗೆ ಬಂದದ್ದು 1980ರಲ್ಲಿ, ಈಗ ದಿಲ್ಲಿಯ ಅಲ್ಕಾಜಿ ಸಂಗ್ರಹದಲ್ಲಿವೆ. ವಿಠ್ಠಲ ಗುಡಿಯ ಕಲ್ಲಿನ ತೇರಿನ ಚಿತ್ರವೊಂದನ್ನು ಬಿಡಿಸಿ ನೋಡಿದರೂ ಸಾಕು. ನಮ್ಮ 50 ರೂಪಾಯಿ ನೋಟಿನ ಮೇಲಿರುವ ತೇರಿಗೆ ಮೇಲೆ ಗೋಪುರವಿಲ್ಲ, ಬೋಳು. ಗ್ರೀನ್‌ಲಾನ ತೇರಿನ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ ಇನ್ನೂ ನಿಂತಿದೆ. ಕದನ ಮುಗಿದು ಸುಮಾರು ಮುನ್ನೂರು ವರ್ಷ ಮಳೆಬಿಸಿಲಿಗೆ ತಾಳಿದ್ದನ್ನು ಆಮೇಲೆ ದುರಸ್ತಿಯ ಹೆಸರಿನಲ್ಲಿ ಇಳಿಸಿಬಿಟ್ಟರು. ಹಂಪಿಯಲ್ಲಿ ಕಾಣದ್ದನ್ನೆಲ್ಲ ಸುಲ್ತಾನರ ಲೆಕ್ಕಕ್ಕೆ ಬರೆಯುವವರು ಈ ಒಂದು ಫೋಟೋ ಎದುರು ಸ್ವಲ್ಪ ಹೊತ್ತು ಕೂರಬೇಕು. 1983ರಲ್ಲಿ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದರು. ಇಂಥ ಕೆಲಸಕ್ಕೆ ಕಂಬದ ನೆರಳು, ಬಂಡೆಯ ಬಿರುಕುಗಳೇ ಗುರುತು. ಗಿಡ ನಂಬಿದರೆ ಕೆಟ್ಟಿರಿ.

ಇನ್ನು ಗೋರಿಗಳ ಮಾತು. ವಿಜಯಪುರದ ಜೋಡ ಗುಮ್ಮಟದಲ್ಲಿ ಆದಿಲಶಾಹಿ ಸರದಾರರ ಮನೆತನ ಮಲಗಿದೆ. 1885ರಲ್ಲಿ ಜಿಲ್ಲೆಯ ಕಚೇರಿ ಕಲಾದಗಿಯಿಂದ ವಿಜಯಪುರಕ್ಕೆ ಬಂದ ಕಾಲಕ್ಕೆ ಆ ಗುಮ್ಮಟಗಳಲ್ಲಿ ಒಂದು ಸಾಹೇಬ ಎಂಜಿನಿಯರನ ಮನೆಯಾಯಿತು! ಗೋರಿಯ ಮೇಲ್ಮಾಳಿಗೆಯಲ್ಲಿ ಸಂಸಾರ ಹೂಡುವುದಕ್ಕೆ ಎಂಥ ಎದೆ ಬೇಕೋ. ಆ ಕಾಲದ ಗುಮ್ಮಟದ ಫೋಟೋ ಸಿಕ್ಕರೆ ಬಾಗಿಲು, ಕಿಟಕಿ, ಪರದೆಗಳನ್ನು ಭೂತಗನ್ನಡಿ ಹಿಡಿದು ನೋಡಿ.

ಕಂಪನಿಯವರು ತಮ್ಮ ಸತ್ತವರ ಲೆಕ್ಕವನ್ನು ಮಾತ್ರ ಚೆನ್ನಾಗಿ ಇಟ್ಟರು. ಬೆಂಗಳೂರು ಕೋಟೆಯ ಲಗ್ಗೆಯಲ್ಲಿ ಬಿದ್ದ ಅಧಿಕಾರಿಗಳ ಸ್ಮಶಾನವನ್ನು ದಂಡಿನೊಂದಿಗೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರ ತನ್ನ ಪುಸ್ತಕದಲ್ಲಿ ಬರೆದ. ಇಂದು ಆ ಸ್ಮಶಾನವೇ ಇಲ್ಲ. ಅದೇ ಲಗ್ಗೆಯ ನೆನಪಿಗೆ ನಿಲ್ಲಿಸಿದ್ದ ಕಂಬವನ್ನು 1964ರಲ್ಲಿ ಕೆಡವಿದರು, ಈಗ ಅದು ಹಳೆಯ ಪೋಸ್ಟ್‌ಕಾರ್ಡುಗಳಲ್ಲಿ ಮಾತ್ರ. ಶ್ರೀರಂಗಪಟ್ಟಣದ ದಂಡಿನ ಸ್ಮಶಾನದಲ್ಲಿ 307 ಗೋರಿಗಳು ಉಳಿದಿವೆ, ಡಿ ಮ್ಯುರಾನ್ ರೆಜಿಮೆಂಟಿನವರ ಸ್ವಿಸ್ ವಂಶಸ್ಥರು ದುರಸ್ತಿ ಮಾಡಿಸಿದ್ದಾರೆ. 1976ರಲ್ಲಿ ಥಿಯಾನ್ ವಿಲ್ಕಿನ್ಸನ್ ಲಂಡನ್ನಿನಲ್ಲಿ ಕಟ್ಟಿದ ಸಂಘವೊಂದು ದಕ್ಷಿಣ ಏಷ್ಯಾದ ಇಂಥ ಗೋರಿಗಳ ಶಾಸನ, ಫೋಟೋಗಳನ್ನೇ ಕೂಡಿಸುತ್ತದೆ. ಎದುರು ಪಕ್ಷದ ಸಿಪಾಯಿಗೆ ಹೆಸರಿನ ಕಲ್ಲಿಲ್ಲ. ಅದಕ್ಕೂ ಹಿಂದಿನ ಕಾಲದಲ್ಲಿ ಊರಿಗಾಗಿ, ತುರುಗಳಿಗಾಗಿ ಸತ್ತವನಿಗೆ ಊರವರೇ ವೀರಗಲ್ಲು ನಿಲ್ಲಿಸುತ್ತಿದ್ದರು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗ. ಅದರ ಮುಂದೆ ನನಗೆ ಬಿಗ್ಸ್‌ನ ಫೋಟೋ ಸಪ್ಪೆ.

ಈ ಗೀಳು ಹತ್ತಿಸಿಕೊಳ್ಳುವವರಿಗೆ ಒಂದೆರಡು ಮಾತು. ಶೀರ್ಷಿಕೆಯಲ್ಲಿ ನಮ್ಮ ಊರ ಹೆಸರು ಗುರುತೇ ಸಿಗದಂತೆ ಕೆಟ್ಟಿರುತ್ತದೆ, ಬಾಯಿಬಿಟ್ಟು ಓದಿಕೊಳ್ಳಿ, ಕಿವಿಗೆ ತಿಳಿಯುತ್ತದೆ. ಹಳದಿಗಟ್ಟಿದ, ಹೊಳಪಿನ ತೆಳು ಹಾಳೆ ಮೊಟ್ಟೆಯ ಬಿಳಿಲೋಳೆಯಿಂದ ಮಾಡಿದ್ದು, ಬಿಸಿಲಿಗೆ ಇಡಬೇಡಿ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಸಂತೆಯಲ್ಲಿ ಸಿಕ್ಕ ಕೋಟೆಬಾಗಿಲಿನ ಫೋಟೋ ಒಂದನ್ನು ನಾನೇ ಹಾಗೆ ಬೇಯಿಸಿ ಕೆಡಿಸಿದ್ದೇನೆ. ಹಿಂಬದಿಗೆ ಬರೆಯುವುದಿದ್ದರೆ ಮೆತ್ತನೆ ಪೆನ್ಸಿಲ್, ಬಾಲ್‌ಪೆನ್ ಮುಂಬದಿಗೂ ಮೂಡುತ್ತದೆ.

ಆ ಹಿರಿಯರಿಗೆ ಹಿಂದಿನ ಕಾಳಗದ ಮಾತು ಹೇಳಿದೆ. ಅವರು ಕೋಲಿನಿಂದ ನೀರಿನ ಕಡೆ ತೋರಿಸಿದರು: "ನಮ್ಮ ಹೊಲಾನೂ ಅದರಾಗ ಐತಿ. ಅದರದೂ ಒಂದು ತಗೀ." ತೆಗೆದೆ. ಅದರ ಹಿಂದೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ: ತಂಗಡಗಿ, ಜನವರಿ, ಬೆಳಗಿನ ಹತ್ತು ಗಂಟೆ, ಮುಖ ಹೊಳೆಯ ಕಡೆಗೆ, ನೀರಿನೊಳಗೆ ಜೋಳದ ಹೊಲ.