ಕೊಡಗಿನ ಮಳೆಯಲ್ಲಿ ಬರಸಹಿಷ್ಣು ಸಸ್ಯ: ಬ್ರೊಮೀಲಿಯಾಡ್ ಪಾಲನೆ

ಕೊಡಗಿನ ತೋಟಗಳಿಗೆ ಅನಾನಸ್ ಹೊಸದಲ್ಲ. ಅದೇ ಬ್ರೊಮೀಲಿಯೇಸಿ ಕುಟುಂಬಕ್ಕೆ ಸೇರಿದ ಅಲಂಕಾರ ಸಸ್ಯಗಳಲ್ಲಿ ಏಕ್ಮಿಯ ಫ್ಯಾಸಿಯೇಟ ಪ್ರಮುಖವಾದುದು. ಆಗ್ನೇಯ ಬ್ರೆಜಿಲ್‌ನ ಅರಣ್ಯಗಳು ಇದರ ಮೂಲನೆಲೆ. ಬೂದು-ಹಸಿರು ಎಲೆಗಳ ಮೇಲಿನ ಬೆಳ್ಳಿಪಟ್ಟೆಗಳೂ ತಿಂಗಳುಗಟ್ಟಲೆ ಬಾಡದ ಗುಲಾಬಿ ಹೂಗೊಂಚಲೂ ಇದರ ಆಕರ್ಷಣೆ.

ಪಶ್ಚಿಮ ಘಟ್ಟದ ಮರಗಳ ಮೇಲೆ ಬೆಳೆಯುವ ಸೀತಾಳೆ ದಂಡೆಯಂತೆ ಇದೂ ಮರವನ್ನು ಆಶ್ರಯಿಸುತ್ತದೆಯೇ ಹೊರತು ಬಂದಳಿಕೆಯಂತೆ ಅದರ ಸಾರವನ್ನು ಹೀರುವುದಿಲ್ಲ. ಬೇರುಗಳ ಮುಖ್ಯ ಕೆಲಸ ಹಿಡಿತ. ಎಲೆಗಳ ಬುಡಗಳು ಕೂಡಿ ರಚಿಸುವ ಬಟ್ಟಲಿನಲ್ಲಿ ನೀರು ನಿಲ್ಲುತ್ತದೆ. ಎಲೆಯ ಮೇಲಿನ ಸೂಕ್ಷ್ಮ ಶಲ್ಕಗಳು ಆ ನೀರನ್ನೂ ಅದರಲ್ಲಿ ಕರಗಿದ ಲವಣಗಳನ್ನೂ ಹೀರಿಕೊಳ್ಳುತ್ತವೆ. ಬೆಳ್ಳಿಬಣ್ಣಕ್ಕೂ ಈ ಶಲ್ಕಗಳೇ ಕಾರಣವಾದ್ದರಿಂದ ಎಲೆಯನ್ನು ಉಜ್ಜಿ ಒರೆಸಬಾರದು. ಅನಾನಸ್‌ನಂತೆ ಇದರ ಪತ್ರರಂಧ್ರಗಳು ಮುಖ್ಯವಾಗಿ ರಾತ್ರಿ ತೆರೆದುಕೊಳ್ಳುವುದರಿಂದ ನೀರಿನ ನಷ್ಟ ಕಡಿಮೆ.

ಈ ಗುಣಗಳಿಂದಾಗಿ ಹೂಮಳೆಗೆ ಮುನ್ನಿನ ಒಣದಿನಗಳನ್ನು ಸಸ್ಯವು ಸುಲಭವಾಗಿ ದಾಟುತ್ತದೆ. ಕೊಡಗಿನಲ್ಲಿ ಇದಕ್ಕೆ ನಿಜವಾದ ಪರೀಕ್ಷೆ ಕಕ್ಕಡ ಮಾಸದ ಎಡೆಬಿಡದ ಮಳೆ. ಬೇರಿನ ಸುತ್ತ ನೀರು ನಿಂತರೆ ಬುಡ ಕೊಳೆಯುತ್ತದೆ. ಆದುದರಿಂದ ಕುಂಡಕ್ಕೆ ಬರಿಯ ಮಣ್ಣನ್ನು ತುಂಬದೆ ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆ ಚೂರುಗಳನ್ನು ಬಳಸುವುದು ಸೂಕ್ತ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಿಡವನ್ನು ಬೆಳಕು ಬೀಳುವ ಜಗಲಿಯ ಸೂರಿನಡಿ ಇರಿಸಬೇಕು.

ಎರಡನೆಯ ಅಪಾಯ ಕಾಫಿ ನಾಡಿಗೆ ವಿಶಿಷ್ಟವಾದುದು. ಕಾಫಿ, ಕರಿಮೆಣಸು, ಅಡಿಕೆಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದ್ದು, ಅದರಲ್ಲಿನ ತಾಮ್ರವು ಬ್ರೊಮೀಲಿಯಾಡ್‌ಗಳಿಗೆ ವಿಷಕಾರಿ. ಬರವನ್ನು ಗೆಲ್ಲಲು ನೆರವಾಗುವ ಶಲ್ಕಗಳೇ ತಾಮ್ರವನ್ನೂ ಒಳಗೆಳೆದುಕೊಳ್ಳುತ್ತವೆ. ಸಿಂಪರಣೆಯ ಕಾಲದಲ್ಲಿ ಗಿಡವನ್ನು ದೂರವಿರಿಸುವುದು ಅಗತ್ಯ. ತಾಮ್ರದ ಶಿಲೀಂಧ್ರನಾಶಕವನ್ನು ಔಷಧವೆಂದು ಇದಕ್ಕೇ ಸಿಂಪಡಿಸುವುದು ಇನ್ನೂ ಹಾನಿಕರ.

ಬಟ್ಟಲಿನ ನೀರು ಸೊಳ್ಳೆಗಳಿಗೂ ಆಸರೆಯಾಗಬಲ್ಲದು. 1940ರ ದಶಕದಲ್ಲಿ ದಕ್ಷಿಣ ಬ್ರೆಜಿಲ್‌ನಲ್ಲಿ ಕಾಡು ಬ್ರೊಮೀಲಿಯಾಡ್‌ಗಳಲ್ಲಿ ಬೆಳೆದ ಅನಾಫಿಲಿಸ್ ಸೊಳ್ಳೆಗಳು ಮಲೇರಿಯ ಹರಡಿದ್ದವು. ವಾರಕ್ಕೊಮ್ಮೆಯಾದರೂ ಹಳೆಯ ನೀರನ್ನು ಚೆಲ್ಲಿ, ಬಿದ್ದ ಎಲೆಕಸವನ್ನು ತೆಗೆದು, ಹೊಸ ನೀರು ತುಂಬಬೇಕು.

ಪ್ರತಿಯೊಂದು ಗಿಡ ಒಮ್ಮೆ ಮಾತ್ರ ಹೂ ಬಿಟ್ಟು ನಿಧಾನವಾಗಿ ಸಾಯುತ್ತದೆ. ಇದು ಆರೈಕೆಯ ದೋಷವಲ್ಲ. ಅಷ್ಟರಲ್ಲಿ ಬುಡದಿಂದ ಮೂಡುವ ಮರಿಗಳು ತಾಯಿಗಿಡದ ಮೂರನೆಯ ಒಂದರಿಂದ ಅರ್ಧದಷ್ಟು ಎತ್ತರಕ್ಕೆ ಬಂದಾಗ ಬೇರ್ಪಡಿಸಿ ನೆಡಬಹುದು. ಅವು ಹೂ ಬಿಡಲು ಸಾಮಾನ್ಯವಾಗಿ ಎರಡು-ಮೂರು ವರ್ಷ ಬೇಕು.

ಒಟ್ಟಿನಲ್ಲಿ, ಬರಸಹಿಷ್ಣು ಎಂಬ ವಿಶೇಷಣವೊಂದನ್ನೇ ನಂಬಿ ಈ ಸಸ್ಯವನ್ನು ಮಳೆನಾಡಿನಲ್ಲಿ ಸಲಹಲಾಗದು. ಅದು ನೀರನ್ನು ಹೇಗೆ ಸಂಗ್ರಹಿಸಿ ಹೀರುತ್ತದೆಂಬುದನ್ನು ಅರಿತರೆ, ಯಾವುದರಿಂದ ಕಾಪಾಡಬೇಕೆಂಬುದೂ ತಿಳಿಯುತ್ತದೆ.