ಪ್ರಾಪ್ ಫರ್ಮ್ ಅಂದರೇನು? ಸೇರುವುದು ಹೇಗೆ?

‘ನಮ್ಮ ರೊಕ್ಕದಲ್ಲಿ ನೀವು ಟ್ರೇಡಿಂಗ್ ಮಾಡಿ, ಲಾಭದಲ್ಲಿ ಶೇ. 80 ನಿಮಗೇ.’ ಡಿಗ್ರಿ ಮುಗಿಸಿ ನವಲಗುಂದ, ಕುಂದಗೋಳ, ಕಲಘಟಗಿಯಲ್ಲಿ ಕೆಲಸ ಹುಡುಕುತ್ತಿರುವ ಹುಡುಗರು ಮೊಬೈಲ್ ತೆರೆದರೆ ಇಂಥ ಜಾಹೀರಾತು ಎದುರಾಗುತ್ತದೆ. ಇಂಥ ಸಂಸ್ಥೆಗೆ ‘ಪ್ರಾಪ್ ಫರ್ಮ್’ ಎನ್ನುತ್ತಾರೆ. ಆದರೆ ಈ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ವ್ಯವಹಾರಗಳು ನಡೆಯುತ್ತಿವೆ. ಒಂದು ನಿಮಗೆ ಸಂಬಳ ಕೊಡುತ್ತದೆ. ಇನ್ನೊಂದು ನಿಮ್ಮಿಂದ ಶುಲ್ಕ ವಸೂಲಿ ಮಾಡುತ್ತದೆ.

ಮೊದಲನೆಯದನ್ನು ನೋಡೋಣ. ಪ್ರಾಪ್ರೈಟರಿ ಟ್ರೇಡಿಂಗ್ ಅಂದರೆ ಸಂಸ್ಥೆಯೊಂದು ತನ್ನ ಸ್ವಂತ ಬಂಡವಾಳ ಹಾಕಿ, ತನ್ನ ಲಾಭಕ್ಕಾಗಿಯೇ ಷೇರು, ಫ್ಯೂಚರ್ಸ್, ಆಪ್ಷನ್ಸ್ ಕೊಂಡು ಮಾರುವುದು. ಅಮರಗೋಳದ ಎಪಿಎಂಸಿಗೆ ಒಣಮೆಣಸಿನಕಾಯಿ ಒಯ್ದವರಿಗೆ ಇದು ಬೇಗ ತಿಳಿಯುತ್ತದೆ. ಅಲ್ಲಿ ದಲಾಲರು ಮಾಲು ಮಾರಿಸಿಕೊಟ್ಟು ಕಮಿಷನ್ ಪಡೆಯುತ್ತಾರೆ. ಖರೀದಿದಾರರು ಸ್ವಂತ ರೊಕ್ಕ ಹಾಕಿ ಚೀಲ ಎತ್ತುತ್ತಾರೆ. ನಾಳೆ ದರ ಬಿದ್ದರೆ ನಷ್ಟ ಅವರದೇ. ಷೇರುಪೇಟೆಯಲ್ಲಿ ಬ್ರೋಕರ್ ದಲಾಲನ ಜಾಗದಲ್ಲಿದ್ದರೆ, ಪ್ರಾಪ್ ಫರ್ಮ್ ಖರೀದಿದಾರನ ಜಾಗದಲ್ಲಿದೆ. ಎನ್‌ಎಸ್‌ಇ ದಿನವೂ ಪ್ರಕಟಿಸುವ ಫ್ಯೂಚರ್ಸ್–ಆಪ್ಷನ್ಸ್ ಅಂಕಿಅಂಶದಲ್ಲಿ ‘ಪ್ರೊ’ ಎಂಬ ಸಾಲೊಂದು ಇರುತ್ತದೆ. ಅದು ಇವರದೇ.

ಇವರು ನಿಜವಾಗಿಯೂ ಗಳಿಸುತ್ತಾರೆಯೇ? ಗಳಿಸುತ್ತಾರೆ. ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಅದರ ಪ್ರಕಾರ 2023-24ರಲ್ಲಿ ಫ್ಯೂಚರ್ಸ್–ಆಪ್ಷನ್ಸ್‌ನಲ್ಲಿ ಪ್ರಾಪ್ ಟ್ರೇಡರುಗಳು ಖರ್ಚು ಕಳೆಯುವ ಮೊದಲು ಗಳಿಸಿದ ಲಾಭ ಸುಮಾರು 33,000 ಕೋಟಿ ರೂಪಾಯಿ. ಅದರಲ್ಲಿ ಶೇ. 96ರಷ್ಟು ಬಂದದ್ದು ಅಲ್ಗೋ ಟ್ರೇಡಿಂಗ್‌ನಿಂದ, ಅಂದರೆ ಮೊದಲೇ ಬರೆದಿಟ್ಟ ಪ್ರೋಗ್ರಾಮಿನಂತೆ ಕಂಪ್ಯೂಟರೇ ಮಾಡುವ ವ್ಯವಹಾರದಿಂದ. ಅದೇ ಅಧ್ಯಯನ ಹೇಳುವ ಇನ್ನೊಂದು ಮಾತು ನಮಗೆ ಹೆಚ್ಚು ಮುಖ್ಯ: 2021-22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ಸ್–ಆಪ್ಷನ್ಸ್‌ನಲ್ಲಿ ವೈಯಕ್ತಿಕವಾಗಿ ಟ್ರೇಡ್ ಮಾಡಿದವರಲ್ಲಿ ಶೇ. 93 ಮಂದಿ ರೊಕ್ಕ ಕಳೆದುಕೊಂಡಿದ್ದಾರೆ.

ಇಂಥ ಸಂಸ್ಥೆಗಳಿಗೆ ಸೇರುವುದು ನೌಕರಿಗೆ ಸೇರಿದಂತೆಯೇ. ಗ್ರಾವಿಟನ್, ಆಲ್ಫಾಗ್ರೆಪ್, ಟವರ್ ರಿಸರ್ಚ್ ಮುಂತಾದವು ಕ್ಯಾಂಪಸ್ ಸಂದರ್ಶನದಿಂದಲೋ ತಮ್ಮ ವೆಬ್‌ಸೈಟಿನ ‘ಕೆರಿಯರ್ಸ್’ ಪುಟದಿಂದಲೋ ಜನರನ್ನು ಆರಿಸಿಕೊಳ್ಳುತ್ತವೆ. ಅಲ್ಲಿ ಕೇಳುವುದು ಗಣಿತ, ಅದರಲ್ಲೂ ಸಂಭವನೀಯತೆಯ ಲೆಕ್ಕ. ಜೊತೆಗೆ ಸಿ++ ಅಥವಾ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುವ ಕೈಚಳಕ. ಸ್ಪರ್ಧೆ ಬಹಳ ಬಿಗಿ. ಆಯ್ಕೆಯಾದವರಿಗೆ ಸಂಬಳವೂ ಬೋನಸ್ಸೂ ಇವೆ, ಬಂಡವಾಳ ಸಂಸ್ಥೆಯದು. ನಿಮ್ಮ ಮನೆಯ ಮಗನೋ ಮಗಳೋ ಪಿಯುಸಿ ಸೈನ್ಸ್ ಓದುತ್ತಿದ್ದು ಗಣಿತದಲ್ಲಿ ಚುರುಕಾಗಿದ್ದರೆ, ಈ ದಾರಿ ಇದೆ ಎಂದು ಈಗಲೇ ತಿಳಿಸಿ. ಐಐಟಿ ನಮ್ಮ ಧಾರವಾಡ ಜಿಲ್ಲೆಯಲ್ಲೇ ಇದೆ. ಸಂಭವನೀಯತೆ, ಪ್ರೋಗ್ರಾಮಿಂಗ್ ಎರಡನ್ನೂ ‘ಸ್ವಯಂ’ ಜಾಲತಾಣದಲ್ಲಿ ಶುಲ್ಕವಿಲ್ಲದೆ ಕಲಿಯಬಹುದು.

ಬಿಕಾಂ ಓದಿದವರು ಏನು ಮಾಡಬೇಕು? ಬ್ರೋಕರ್ ಕಚೇರಿಯ ಡೀಲರ್ ಕೆಲಸದಿಂದ ಆರಂಭಿಸಬಹುದು. ಡೀಲರ್ ಅಂದರೆ ಗ್ರಾಹಕರ ಪರವಾಗಿ ಆರ್ಡರ್ ಹಾಕುವವರು. ಇದಕ್ಕೆ ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆಯ ಪರೀಕ್ಷೆ ಪಾಸಾಗಬೇಕು. ಈಕ್ವಿಟಿ ಡೆರಿವೇಟಿವ್ಸ್ (ಷೇರುಗಳ ಫ್ಯೂಚರ್ಸ್–ಆಪ್ಷನ್ಸ್) ಪರೀಕ್ಷೆಯ ಶುಲ್ಕ ಸುಮಾರು 1,500 ರೂಪಾಯಿ, ಪಾಸಾಗಲು ಶೇ. 60 ಅಂಕ ಬೇಕು, ತಪ್ಪು ಉತ್ತರಕ್ಕೆ ಅಂಕ ಕಡಿತವಿದೆ. ಇದು ಪ್ರಾಪ್ ಫರ್ಮ್ ಕೆಲಸವಲ್ಲ, ನಿಜ. ಆದರೆ ಮಾರುಕಟ್ಟೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಂತ ಗಂಟು ಕಳೆದುಕೊಳ್ಳದೆ ಕಲಿಯಬಹುದು.

ಇನ್ನು ಎರಡನೆಯದು, ಮೊಬೈಲಿನಲ್ಲಿ ಬರುವ ‘ಫಂಡೆಡ್ ಅಕೌಂಟ್’. ಇಲ್ಲಿ ಮೊದಲು ‘ಚಾಲೆಂಜ್’ ಎಂಬ ಪರೀಕ್ಷೆಗೆ ಶುಲ್ಕ ಕಟ್ಟಬೇಕು. ಖಾತೆಯ ಗಾತ್ರ ದೊಡ್ಡದಾದಷ್ಟೂ ಶುಲ್ಕ ಏರುತ್ತದೆ. 10 ಲಕ್ಷ ರೂಪಾಯಿಯ ಖಾತೆ ಎಂದುಕೊಳ್ಳಿ. ಸಾಮಾನ್ಯ ನಿಯಮಗಳು ಹೀಗಿರುತ್ತವೆ: ಶೇ. 10, ಅಂದರೆ 1 ಲಕ್ಷ ಲಾಭ ತೋರಿಸಬೇಕು. ಒಂದೇ ದಿನದಲ್ಲಿ 50,000ಕ್ಕಿಂತ ಹೆಚ್ಚು ಕಳೆಯಬಾರದು. ಒಟ್ಟು ನಷ್ಟ 1 ಲಕ್ಷ ಮುಟ್ಟಿದರೆ ಖಾತೆ ಬಂದ್, ಶುಲ್ಕವೂ ಹೋಯಿತು. ಈ ನಷ್ಟದ ಮಿತಿಗೆ ‘ಡ್ರಾಡೌನ್’ ಎನ್ನುತ್ತಾರೆ. ಈಗ ಲೆಕ್ಕ ಹಾಕಿ. ಪರದೆಯ ಮೇಲೆ 10 ಲಕ್ಷ ಕಂಡರೂ ನಿಮ್ಮ ಕೈಯಲ್ಲಿರುವುದು 1 ಲಕ್ಷ ಕಳೆಯುವ ಅವಕಾಶ ಮಾತ್ರ. ಅಷ್ಟರೊಳಗೆ ಅಷ್ಟೇ ಮೊತ್ತ ಗಳಿಸಬೇಕು. ಬರೀ ಅದೃಷ್ಟ ನಂಬಿ ಆಡಿದರೆ ಮೊದಲ ಹಂತದಲ್ಲೇ ಅರ್ಧ ಜನ ಬೀಳುತ್ತಾರೆ. ಕಮಿಷನ್ನೂ ದಿನದ ಮಿತಿಯೂ ಸೇರಿದರೆ ಇನ್ನೂ ಹೆಚ್ಚು. ಬಹಳ ಕಡೆ ಎರಡನೇ ಹಂತವೂ ಇರುತ್ತದೆ.

ಪಾಸಾದ ಗೆಳೆಯನಿಗೆ ರೊಕ್ಕ ಬಂದಿದೆಯಲ್ಲ ಎಂದು ನೀವು ಕೇಳಬಹುದು. ಕೆಲವರಿಗೆ ಬರುತ್ತದೆ. ಆದರೆ ಪಾಸಾದ ಮೇಲೂ ಹೆಚ್ಚಿನ ಕಡೆ ಸಿಗುವುದು ‘ಡೆಮೊ’ ಖಾತೆ, ಅಂದರೆ ನಿಜವಾದ ಮಾರುಕಟ್ಟೆಗೆ ಆರ್ಡರ್ ಹೋಗದ ಅಣಕು ಖಾತೆ. ಪ್ರಾಗ್ ನಗರದ ಎಫ್‌ಟಿಎಂಒ ಎಂಬ ಪ್ರಸಿದ್ಧ ಕಂಪನಿ ಇದನ್ನು ಬಹಿರಂಗವಾಗಿಯೇ ಹೇಳುತ್ತದೆ. ಮಾರುಕಟ್ಟೆಗೆ ಹೋಗದ ವ್ಯವಹಾರದಿಂದ ಲಾಭ ಹುಟ್ಟುವುದಿಲ್ಲ. ಹಾಗಿದ್ದರೆ ಗೆದ್ದವರಿಗೆ ಕೊಡುವ ರೊಕ್ಕ ಎಲ್ಲಿಂದ? ಬಹುಪಾಲು, ಸೋತವರು ಕಟ್ಟಿದ ಶುಲ್ಕದಿಂದ. ಹತ್ತಿ, ಹೆಸರು ಮಾರಿ ಬಂದ ದುಡಿಮೆಯ ರೊಕ್ಕವನ್ನು ಮೂರು ನಾಲ್ಕು ಸಲ ಇಂಥ ಶುಲ್ಕಕ್ಕೆ ಸುರಿಯುವುದನ್ನು ನಾನು ಒಪ್ಪಲಾರೆ.

ಕಾನೂನು ಏನನ್ನುತ್ತದೆ? ಇಂಥ ಚಾಲೆಂಜ್‌ಗಳಲ್ಲಿ ಹಲವು ವಿದೇಶಿ ಕರೆನ್ಸಿ ಟ್ರೇಡಿಂಗ್‌ನವು. ಅನುಮತಿಯಿಲ್ಲದ ಆ್ಯಪ್‌ಗಳಲ್ಲಿ ವಿದೇಶಿ ಕರೆನ್ಸಿ ಟ್ರೇಡಿಂಗ್ ಮಾಡುವುದು 1999ರ ಫೆಮಾ ಕಾಯ್ದೆಯ ಉಲ್ಲಂಘನೆ. ಅಂಥ ಆ್ಯಪ್‌ಗಳ ಎಚ್ಚರಿಕೆ ಪಟ್ಟಿಯನ್ನು ಆರ್‌ಬಿಐ 2022ರಿಂದ ಪ್ರಕಟಿಸುತ್ತಿದೆ. ಹೆಸರು ಪಟ್ಟಿಯಲ್ಲಿ ಇಲ್ಲವೆಂದ ಮಾತ್ರಕ್ಕೆ ಅನುಮತಿ ಇದೆ ಎಂದಲ್ಲ. ಷೇರು ದರ ಆಧರಿಸಿದ ಅಣಕು ಟ್ರೇಡಿಂಗ್ ವೇದಿಕೆಗಳ ಬಗ್ಗೆ ಸೆಬಿ ಕೂಡ 2024ರ ನವೆಂಬರ್‌ನಲ್ಲಿ ಎಚ್ಚರಿಸಿದೆ: ಅಲ್ಲಿ ತಕರಾರು ಬಂದರೆ ಹೂಡಿಕೆದಾರರಿಗೆ ಸಿಗುವ ರಕ್ಷಣೆ ನಿಮಗೆ ಸಿಗುವುದಿಲ್ಲ.

ಯಾರಾದರೂ ಆಫರ್ ತಂದರೆ ಒಂದೇ ಪ್ರಶ್ನೆ ಕೇಳಿ: ಮೊದಲು ರೊಕ್ಕ ಕೊಡುವವರು ಯಾರು? ಡಿಪಾಸಿಟ್, ತರಬೇತಿ, ಚಾಲೆಂಜ್, ಯಾವ ಹೆಸರಿನಲ್ಲಾದರೂ ನಿಮ್ಮಿಂದ ಕೇಳಿದರೆ ಅದು ನೌಕರಿಯಲ್ಲ. ಬ್ರೋಕರ್ ಎಂದು ಹೇಳಿಕೊಂಡರೆ ನೋಂದಣಿ ಸಂಖ್ಯೆ ಪಡೆದು ಸೆಬಿ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ಈಗಾಗಲೇ ಮೋಸ ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ರೊಕ್ಕ ಹೋದ ಬ್ಯಾಂಕ್ ಖಾತೆಯನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ವರ್ಗಾವಣೆಯ ವಿವರ, ಚಾಟ್‌ಗಳ ಸ್ಕ್ರೀನ್‌ಶಾಟ್ ಅಳಿಸದೆ ಇಟ್ಟುಕೊಳ್ಳಿ.