ಒಬ್ಬರ ಮುಂಗಡ, ಇನ್ನೊಬ್ಬರ ಮನೆ

ಭದ್ರಾವತಿಯಲ್ಲಿ ಮನೆಯ ಗೋಡೆಗೂ ಕಾರ್ಖಾನೆಯ ಸಂಬಳಕ್ಕೂ ಹಳೆಯ ನಂಟು. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಇವೆರಡರ ದುಡಿಮೆಯ ಮೇಲೆ ಊರು ಬೆಳೆಯಿತು. ಕಳೆದ ದಶಕದ ನಡುವಿನಲ್ಲಿ ಕಾಗದದ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಆ ಕಬ್ಬಿಣದ ಕಾರ್ಖಾನೆಯನ್ನೂ, ಅಂದರೆ ಈಗಿನ ವಿಐಎಸ್‌ಎಲ್ ಅನ್ನೂ, ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಬೀದಿಗಿಳಿದ ಮೇಲೆ, ಅದೇ ವರ್ಷ ಕೆಲವು ಘಟಕಗಳು ಮತ್ತೆ ಚಾಲೂ ಆದವು. ಇಂಥ ಊರಿನಲ್ಲಿ ಆರ್ಥಿಕ ಹಿಂಜರಿತ ಎಂಬುದು ಪತ್ರಿಕೆಯ ಸುದ್ದಿಯಾಗಿ ಬರುವುದಿಲ್ಲ, ಅಡುಗೆಮನೆಯ ಟೈಲ್ಸ್ ಕೆಲಸ ಮುಂದಿನ ವರ್ಷಕ್ಕೆ ಹೋಗುವ ರೂಪದಲ್ಲಿ ಬರುತ್ತದೆ. ಬಿ.ಎಚ್. ರಸ್ತೆಯ ಇನ್ನೊಂದು ತುದಿಯಲ್ಲಿರುವ ಶಿವಮೊಗ್ಗದ ವಿದ್ಯಾನಗರವೂ ಇದರಿಂದ ದೂರವಿಲ್ಲ. ಅಲ್ಲಿ ಸಂಬಳದ ಜೊತೆಗೆ ಅಡಿಕೆಯ ಧಾರಣೆಯೂ ಸೇರಿ, ಯಾರ ಮನೆಯ ಮೇಲೆ ಮಹಡಿ ಏಳಬೇಕು, ಯಾರದು ಕಾಯಬೇಕು ಎಂದು ತೀರ್ಮಾನಿಸುತ್ತದೆ.

ಕೆಟ್ಟ ಕಾಲದಲ್ಲಿ ಮನೆ ನವೀಕರಣದ ಗುತ್ತಿಗೆದಾರ ಮುಳುಗುವುದು ಕೆಲಸವಿಲ್ಲದೆ ಎಂದು ಎಲ್ಲರೂ ಹೇಳುತ್ತಾರೆ. ಇದು ಅರ್ಧ ಸತ್ಯ. ಅವನನ್ನು ಮುಳುಗಿಸುವುದು ಒಳ್ಳೆಯ ಕಾಲದಲ್ಲಿ ಬೆಳೆಸಿಕೊಂಡ ಒಂದು ರೂಢಿ: ಒಬ್ಬರ ಮುಂಗಡದಿಂದ ಇನ್ನೊಬ್ಬರ ಮನೆ ಮುಗಿಸುವುದು. ಮೊದಲ ಮನೆಯ ಮುಂಗಡ ಹಾರ್ಡ್‌ವೇರ್ ಅಂಗಡಿಯ ಹಳೇ ಉದ್ರಿಗೆ ಹೋಗುತ್ತದೆ, ಎರಡನೇ ಮನೆಯದು ಮೊದಲನೆಯದರ ಸಿಮೆಂಟಿಗೆ, ಮೂರನೆಯದು ಶನಿವಾರದ ಬಟವಾಡೆಗೆ. ಹೊಸ ಕೆಲಸ ಬರುತ್ತಿರುವಷ್ಟು ದಿನ ಈ ಸರಪಳಿ ಕಾಣಿಸುವುದೇ ಇಲ್ಲ. ಹೊರಗಿನವರಿಗೆ ವ್ಯವಹಾರ ಜೋರಾಗಿದೆ ಎಂದೇ ಅನ್ನಿಸುತ್ತದೆ. 2016ರ ನವೆಂಬರ್ 8ರ ನೋಟು ರದ್ದತಿ, 2020ರ ಮಾರ್ಚ್ ಕೊನೆಯ ಲಾಕ್‌ಡೌನ್‌ನಂಥ ಹೊಡೆತ ಬಿದ್ದು ಮುಂದಿನ ಮುಂಗಡ ನಿಂತಾಗ ಮಾತ್ರ ಸಮಸ್ಯೆ ಬಯಲಾಗುತ್ತದೆ. ಒಡೆದಿಟ್ಟ ಬಚ್ಚಲುಮನೆ ಹಾಗೇ ಇರುತ್ತದೆ, ಮೇಸ್ತ್ರಿಯ ಫೋನು ಸ್ವಿಚ್ ಆಫ್ ಆಗಿರುತ್ತದೆ. ಅವನು ಮೋಸಗಾರನೇ ಆಗಿರಬೇಕೆಂದಿಲ್ಲ. ಇನ್ನೂ ಮಾಡದ ಕೆಲಸದ ದುಡ್ಡನ್ನು ತನ್ನ ಆದಾಯವೆಂದು ಎಣಿಸಿದ್ದು ಅವನ ತಪ್ಪು.

ಹೀಗೆ ಸಿಕ್ಕಿಕೊಂಡವನು ಹೊಸ ಮುಂಗಡದ ಆಸೆಗೆ ದರ ಇಳಿಸುತ್ತಾನೆ. ಲೆಕ್ಕ ಹಾಕಿ ನೋಡಿ. 5 ಲಕ್ಷ ರೂಪಾಯಿಯ ಕೆಲಸಕ್ಕೆ ಸಾಮಗ್ರಿ, ಕೂಲಿ, ಸಾಗಾಟ ಸೇರಿ 4.25 ಲಕ್ಷ ಖರ್ಚು ಎನ್ನೋಣ. ಉಳಿಯುವುದು 75 ಸಾವಿರ. ಶೇ 10ರಷ್ಟು ದರ ಇಳಿಸಿದರೆ 50 ಸಾವಿರ ಹೋಗಿ ಕೈಗೆ ಸಿಗುವುದು 25 ಸಾವಿರ. ಮೊದಲಿನಷ್ಟೇ ಲಾಭಕ್ಕೆ ಈಗ ಮೂರು ಮನೆ ಬೇಕು, ಅದೂ ಕೆಲಸವೇ ಕಮ್ಮಿಯಾದ ಕಾಲದಲ್ಲಿ. ಮೇಲಾಗಿ ಇದು ಹೊಸ ಕಟ್ಟಡವಲ್ಲ. ಮನೆ ಕಟ್ಟಿ ನೋಡು ಎಂದವರು ಮನೆ ಒಡೆದು ನೋಡು ಎನ್ನುವುದನ್ನು ಮರೆತರು: ಹಳೆಯ ಗಾರೆ ಕೆತ್ತಿದ ಮೇಲೆಯೇ ತುಕ್ಕು ಹಿಡಿದ ಪೈಪು, ಗೆದ್ದಲು ತಿಂದ ಜಂತೆ, ನೀರು ಕುಡಿದ ಗೋಡೆ ಹೊರಗೆ ಬರುವುದು. ಆ 25 ಸಾವಿರ ಇಂಥದೊಂದಕ್ಕೆ ಸಾಲದು.

ಹಾಗಾದರೆ ಕೆಲಸ ಎಲ್ಲಿದೆ? ಮುಂದೂಡಲಾಗದ ಕಡೆ ಇದೆ. ಮಾಡ್ಯುಲರ್ ಕಿಚನ್, ಪಿಒಪಿ ಛಾವಣಿ ಕಾಯಬಲ್ಲವು. ಸೋರುವ ತಾರಸಿ ಜೂನ್ ದಾಟಿ ಕಾಯುವುದಿಲ್ಲ. ಮಲೆನಾಡಿನ ಹೆಬ್ಬಾಗಿಲಲ್ಲಿರುವ ಈ ಊರುಗಳಲ್ಲಿ ಹಂಚು ಕೈಯಾಡಿಸುವುದು, ತಾರಸಿಯ ಬಿರುಕು ಮುಚ್ಚುವುದು, ಮೇಲೆ ಶೀಟು ಹೊದಿಸುವುದು ಬೇಸಿಗೆಯ ಖಾಯಂ ಕೆಲಸ. ಹೊಸ ಮನೆಯ ಆಸೆ ಕೈಬಿಟ್ಟವರೂ ಇರುವ ಮನೆಯಲ್ಲೇ ಇರಬೇಕಲ್ಲ. ಅಮೆರಿಕದಲ್ಲಿ 2005ರಲ್ಲಿ ಸುಮಾರು 20 ಲಕ್ಷ ಹೊಸ ಮನೆಗಳ ನಿರ್ಮಾಣ ಶುರುವಾಗಿತ್ತು. 2009ರ ಹೊತ್ತಿಗೆ ಅದು ಸುಮಾರು 5.5 ಲಕ್ಷಕ್ಕೆ ಕುಸಿಯಿತು. ದುರಸ್ತಿ ಮತ್ತು ನವೀಕರಣದ ಖರ್ಚೂ ಇಳಿಯಿತಾದರೂ ಈ ಪ್ರಮಾಣದಲ್ಲಿ ಅಲ್ಲ. ನಮ್ಮ ಲೆಕ್ಕ ಬೇರೆಯಿದ್ದರೂ ತರ್ಕ ಒಂದೇ. 10 ಲಕ್ಷದ ಒಂದು ಕೆಲಸಕ್ಕೆ ಕಾಯುತ್ತ ಕೂರುವ ಬದಲು ಅದನ್ನೇ ತುಂಡು ಮಾಡಿ, ಈ ಬೇಸಿಗೆಗೆ ತಾರಸಿ, ದೀಪಾವಳಿಯ ಹೊತ್ತಿಗೆ ಬಚ್ಚಲು, ಬರುವ ವರ್ಷ ಅಡುಗೆಮನೆ ಎಂದು ಹಂತವಾಗಿ ಕೊಡಬೇಕು. ಪ್ರತಿ ಹಂತಕ್ಕೂ ಬೇರೆ ಎಸ್ಟಿಮೇಟ್, ಬೇರೆ ಮುಂಗಡ, ಅದೂ ಆ ಹಂತದ ಸಾಮಗ್ರಿಗೆ ಬೇಕಾದಷ್ಟೇ.

ಇದಕ್ಕೆ ಆಕ್ಷೇಪಗಳಿವೆ. ಗಿರಾಕಿ ನೋಡುವುದು ದರವನ್ನೇ, ಪಕ್ಕದವನು ಕಮ್ಮಿಗೆ ಮಾಡುತ್ತಾನೆ ಎಂಬುದು ಮೊದಲನೆಯದು. ನಿಜ, ಆದರೆ ಕೈ ಬಿಗಿಯಾದಾಗ ಗಿರಾಕಿಗೆ ಹೆಚ್ಚು ಭಯವಿರುವುದು ಅರ್ಧಕ್ಕೆ ನಿಂತ ಕೆಲಸದ ಬಗ್ಗೆ. ಹಂತದ ಲೆಕ್ಕವನ್ನು ಬರೆದು ಕೊಡುವವನು ಆ ಭಯಕ್ಕೆ ಉತ್ತರ ಕೊಡುತ್ತಾನೆ, ಕಮ್ಮಿ ದರದವನು ಕೊಡುವುದಿಲ್ಲ. ದರ ಇಳಿಸಲೇಬೇಕಾದರೆ ಕೆಲಸವನ್ನೂ ಇಳಿಸಲಿ: ಟೈಲ್ಸ್‌ನ ದರ್ಜೆ ಬದಲಿಸಲಿ, ಒಂದು ಕೋಣೆ ಬಿಡಲಿ. ಎರಡನೆಯದು, ಚಿಲ್ಲರೆ ಕೆಲಸ ಗಿಟ್ಟುವುದಿಲ್ಲ ಎಂಬುದು. ಓಡಾಟದ ಖರ್ಚನ್ನು ದರದಲ್ಲಿ ಸೇರಿಸದಿದ್ದರೆ ಖಂಡಿತ ಗಿಟ್ಟುವುದಿಲ್ಲ. ಸೇರಿಸಿ, ಒಂದೇ ಬಡಾವಣೆಯ ನಾಲ್ಕು ಮನೆಗಳನ್ನು ಒಂದೇ ವಾರದಲ್ಲಿ ಮುಗಿಸುವವನಿಗೆ ಗಿಟ್ಟುತ್ತದೆ. ಮೂರನೆಯದೇ ಗಟ್ಟಿ ಆಕ್ಷೇಪ: ಬಂಡವಾಳವಿಲ್ಲದವನು ಮುಂಗಡವನ್ನು ಮುಟ್ಟದೆ ಬಟವಾಡೆ ಹೇಗೆ ಮಾಡಿಯಾನು? ಅವನಿಗೆ ಉಳಿದ ದಾರಿ ಕೂಲಿ ಗುತ್ತಿಗೆ. ಸಾಮಗ್ರಿಯನ್ನು ಮನೆಯವರೇ ತರಲಿ, ಇವನು ಕೂಲಿಯ ದರ ಮಾತ್ರ ಹೇಳಲಿ. ಸಾಮಗ್ರಿಯ ಮೇಲಿನ ಲಾಭ ತಪ್ಪುತ್ತದೆ, ಅದರ ಸಾಲವೂ ತಪ್ಪುತ್ತದೆ. ಹಿಂಜರಿತದಲ್ಲಿ ಆ ಲಾಭಕ್ಕಿಂತ ಈ ಸಾಲದ ಭಾರವೇ ದೊಡ್ಡದು.

ದುಡ್ಡಿನ ಜೊತೆಗೆ ಉಳಿಸಿಕೊಳ್ಳಬೇಕಾದದ್ದು ಆಳು. ನಯವಾಗಿ ಗಾರೆ ಮಾಡುವವನು ಬೆಂಗಳೂರಿನ ಬಸ್ಸು ಹತ್ತಿದರೆ ಕಾಲ ಸುಧಾರಿಸಿದಾಗ ತಿರುಗಿ ಬರುತ್ತಾನೆಂಬ ಭರವಸೆಯಿಲ್ಲ. ವರ್ಷಕ್ಕೆ 90 ದಿನ ದುಡಿದ, 18ರಿಂದ 60 ವಯಸ್ಸಿನ ಕಟ್ಟಡ ಕಾರ್ಮಿಕರು ರಾಜ್ಯದ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಲಾಕ್‌ಡೌನ್‌ನಲ್ಲಿ ನೆರವಿನ ಹಣ ನೇರವಾಗಿ ಖಾತೆಗೆ ಬಂದದ್ದು ಹೀಗೆ ನೋಂದಾಯಿಸಿಕೊಂಡವರಿಗೆ. ಆಳುಗಳ ನೋಂದಣಿ ಮಾಡಿಸುವುದು ಗುತ್ತಿಗೆದಾರನಿಗೆ ಒಂದು ದಿನದ ಓಡಾಟ, ಅಷ್ಟೇ.

ಮನೆಯವರಿಗೂ ಇದರಲ್ಲಿ ಪಾಲಿದೆ. ಪೂರ್ತಿ ಮುಂಗಡ ಕೊಟ್ಟು ರಿಯಾಯಿತಿ ಕೇಳುವ ಗಿರಾಕಿ, ತನ್ನ ದುಡ್ಡು ಇನ್ನೊಬ್ಬರ ಮನೆಗೆ ಹೋಗಲು ತಾನೇ ದಾರಿ ಮಾಡಿಕೊಡುತ್ತಾನೆ. ಮುಗಿದ ಹಂತಕ್ಕೆ ತಡಮಾಡದೆ ದುಡ್ಡು ಕೊಡುವವನ ಮನೆಯಲ್ಲಿ, ಕೆಟ್ಟ ವರ್ಷದಲ್ಲೂ, ಸೋಮವಾರ ಬೆಳಿಗ್ಗೆ ಕೆಲಸ ಶುರುವಾಗುತ್ತದೆ.